ಬೆಳಗಾವಿಯ ನಗರಸೇವಕರು: ಒಂದು ಐತಿಹಾಸಿಕ ವಿವೇಚನೆ

2021ನೆಯ ಇಸವಿಯ ಶ್ರಾವಣಮಾಸದ ಒಂದು ಸಂಜೆ ಸಾಂಬ್ರಾದ ನಮ್ಮ ಮನೆಯ ಕಟ್ಟೆಯ ಮೇಲೆ ನಾನು ಕುಳಿತಿರಲು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಳಗಾವಿಯಿಂದ ನನ್ನನ್ನು ಕಾಣಲು ಬಂದನು. ಅವನ ಮನೆಮಾತು ಮರಾಠಿ; ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತದ್ದು ಕನ್ನಡ; ವ್ಯಾಪಾರಕ್ಕೆ ಬೇಕಾಗುವಷ್ಟು ಉರ್ದುವನ್ನು ಪೇಟೆಯಲ್ಲಿ ಸಂಪಾದಿಸಿಕೊಂಡವನು. ಆ ವರ್ಷದ ಸಪ್ಟೆಂಬರ 3ನೆಯ ತಾರೀಖಿಗೆ ಬೆಳಗಾವಿ ಮಹಾನಗರ ಪಾಲಿಕೆಯ ಚುನಾವಣೆಯು ಗೊತ್ತಾಗಿದ್ದಿತು. ಅವನು ತನ್ನ ವಾರ್ಡಿನಿಂದ ಪಕ್ಷೇತರ ಉಮೇದುವಾರನಾಗಿ ನಿಂತಿದ್ದನು. ಮತದಾರರಿಗೆ ಹಂಚತಕ್ಕ ವಿಜ್ಞಾಪನಪತ್ರವನ್ನು ಕನ್ನಡದಲ್ಲಿ ಬರೆದುಕೊಡಬೇಕೆಂಬುದು ಅವನ ಕೋರಿಕೆ. ಮರಾಠಿಯದನ್ನು ತಾನೇ ಬರೆದುಕೊಂಡಿದ್ದನು. ಉರ್ದುವಿನದನ್ನು ಅವನ ನೆರೆಯವರೊಬ್ಬರು ಬರೆದುಕೊಡುವವರಿದ್ದರು.

ನಾನು ಸಂತೋಷದಿಂದ ಬರೆದುಕೊಟ್ಟೆನು. ನೀರು, ಗಟಾರ, ಬೀದಿಯ ದೀಪ, ಕಸ: ಇಷ್ಟೇ ಅದರಲ್ಲಿದ್ದುದು. ಕಾಗದವನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡ ಮೇಲೆಯೂ ಅವನು ಏಳಲಿಲ್ಲ. ತುಸು ಹೊತ್ತಿನ ಮೇಲೆ, “ಮಾಸ್ತರ, ಗಟಾರದ ಮಾತ ಯಾರೂ ಕೇಳೂದಿಲ್ರಿ. ಮನಿಮನಿಗೆ ಹ್ವಾದ್ರ ಮೊದಲ ಗಡೀ ಮಾತ ಕೇಳ್ತಾರ. ಒಂದ ಗಲ್ಲಿಯೊಳಗ ಹೂಂ ಅಂದದ್ದು ಇನ್ನೊಂದ ಗಲ್ಲಿಯೊಳಗ ತಪ್ಪಾಗತೈತಿ. ನಾ ಏನ ಹೇಳ್ಲಿ?” ಎಂದು ಕೇಳಿದನು.

ಆ ಹೊತ್ತಿಗೆ ನನಗೆ ಉತ್ತರವು ಹೊಳೆಯಲಿಲ್ಲ. “ಯೋಚಿಸಿ ಹೇಳುವೆನು, ನೀನು ಹೋಗಿ ಬಾ” ಎಂದು ಕಳುಹಿಸಿದೆನು. ಬಳಿಕ ಈ ವಿಷಯಕವಾಗಿ ನನ್ನಿಂದಾದಷ್ಟು ಓದಿ ವಿಚಾರಿಸಿದೆನು. ಆ ವಿಚಾರದ ಸಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಲಿದ್ದೇನೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವುದು ಯುಕ್ತ. ನಾನು ನಗರದ ಮತದಾರನಲ್ಲ. ಸಾಂಬ್ರಾ ಊರು ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ರಸ್ತೆಯ ಮೇಲೆ ನಗರದಿಂದ ಸುಮಾರು ಹತ್ತು ಕಿಲೋಮೀಟರು ಪೂರ್ವಕ್ಕಿದೆ. ವಿಮಾನ ನಿಲ್ದಾಣವೂ ವಾಯುದಳದ ತರಬೇತಿಯ ಶಾಲೆಯೂ ಇಲ್ಲಿರುವವಾದರೂ ನಮ್ಮದು ಗ್ರಾಮಪಂಚಾಯತಿಯ ಊರು. ಆದರೆ ನಮ್ಮ ಹಾಲು, ಕಾಯಿಪಲ್ಲೆಗಳು ನಗರದ ಪೇಟೆಗೇ ಹೋಗುತ್ತವೆ. ನಗರದ ಹೊಲಸುನೀರನ್ನು ಹೊತ್ತ ಬಳ್ಳಾರಿ ನಾಲಾ ಹರಿಯುವುದು ಪೂರ್ವದಿಕ್ಕಿಗೇ. ನಗರದವರು ಆರಿಸಿದ ಸಭೆಯು ತನ್ನ ಗಟಾರಗಳ ವಿಚಾರವನ್ನು ಮರೆತರೆ ಅದರ ಫಲವನ್ನು ಮೊದಲು ಉಣ್ಣುವವರು ಮತವಿಲ್ಲದ ಹೊಲದವರು. ಆದಕಾರಣ ಈ ವಿಷಯದಲ್ಲಿ ಮಾತಾಡಲು ನಮಗೂ ಸ್ವಲ್ಪ ಅಧಿಕಾರವುಂಟೆಂದು ಭಾವಿಸಿದ್ದೇನೆ.

ಪಾಠಶಾಲೆಯಲ್ಲಿ ಸಂಸ್ಕೃತವನ್ನೋದಿದ ನನ್ನಂಥವನಿಗೆ ನಗರಾಡಳಿತವೆಂದೊಡನೆ ನೆನಪಾಗುವುದು ಕೌಟಿಲ್ಯನ ಅರ್ಥಶಾಸ್ತ್ರ. ಅದರ ಎರಡನೆಯ ಅಧಿಕರಣದ ಕೊನೆಯಲ್ಲಿ ನಗರದ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ಹತ್ತು, ಇಪ್ಪತ್ತು ಅಥವಾ ನಾಲ್ವತ್ತು ಮನೆಗಳಿಗೆ ಒಬ್ಬ ಗೋಪನು. ಪಟ್ಟಣದ ನಾಲ್ಕನೆಯ ಒಂದು ಪಾಲಿಗೆ ಒಬ್ಬ ಸ್ಥಾನಿಕನು. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ, ಕೆಸರುನೀರಿನಿಂದ ದಾರಿಯನ್ನು ಕಟ್ಟಿದವನಿಗೆ ನಾಲ್ಕನೆಯ ಒಂದು ಪಾಲು, ರಾಜಮಾರ್ಗದಲ್ಲಾದರೆ ಇಮ್ಮಡಿ. ಈ ಅಧಿಕಾರಿಗಳು ರಾಜನ ನೌಕರರೇ ಹೊರತು ಜನರು ಆರಿಸಿದವರಲ್ಲವೆಂಬುದು ನಿಜ. ಆದರೂ ನಗರದ ಆಡಳಿತವೆಂದರೆ ಕಸ, ಕೆಸರು, ಬೆಂಕಿ, ದಾರಿಗಳ ಆಡಳಿತವೆಂಬ ತಿಳಿವಳಿಕೆಯು ಆ ಕಾಲಕ್ಕೇ ಇದ್ದಿತೆಂಬುದನ್ನು ಗಮನಿಸಬೇಕು.

ಜನರೇ ಆರಿಸುವ ಪದ್ಧತಿಯೂ ನಮ್ಮ ದೇಶಕ್ಕೆ ಹೊಸದಲ್ಲ. ತಮಿಳುನಾಡಿನ ಉತ್ತರಮೇರೂರಿನ ಶಾಸನಗಳು ಚೋಳ ಪರಾಂತಕನ ಕಾಲದವು. 919 ಮತ್ತು 921ನೆಯ ಇಸವಿಗಳವು. ಊರನ್ನು ಮೂವತ್ತು ಭಾಗಗಳನ್ನಾಗಿ ಮಾಡಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಕೊಡದಲ್ಲಿ ಹಾಕಿ, ಚಿಕ್ಕ ಹುಡುಗನಿಂದ ಎತ್ತಿಸುತ್ತಿದ್ದರು. ಮೂವತ್ತೈದು ವರ್ಷಕ್ಕೆ ಮೇಲ್ಪಟ್ಟು ಎಪ್ಪತ್ತಕ್ಕೆ ಒಳಗಿನವನು, ಸ್ವಂತ ನಿವೇಶನದಲ್ಲಿ ಮನೆಯುಳ್ಳವನು ಮಾತ್ರ ಅರ್ಹನು. ಅದು ಬ್ರಾಹ್ಮಣರ ಅಗ್ರಹಾರದ ಸಭೆಯಾದುದರಿಂದ ಎಲ್ಲರಿಗೂ ಅಲ್ಲಿ ಎಡೆಯಿರಲಿಲ್ಲವೆಂಬುದನ್ನು ಮುಚ್ಚಿಡಲಾಗದು. ಆದರೆ ಅಲ್ಲಿಯ ಒಂದು ನಿಯಮವು ಎಂದಿಗೂ ಹಳತಾಗತಕ್ಕದ್ದಲ್ಲ: ಹಿಂದೆ ಸಮಿತಿಯಲ್ಲಿದ್ದು ಲೆಕ್ಕವನ್ನೊಪ್ಪಿಸದೆ ಹೋದವನು ಮಾತ್ರವಲ್ಲ, ಅವನ ಹತ್ತಿರದ ಬಂಧುಗಳೂ ಅನರ್ಹರು.

ಇನ್ನು ನಮ್ಮ ಬೆಳಗಾವಿಗೆ ಬರೋಣ. ರಟ್ಟರ ಕಾಲದಲ್ಲಿ ಇದಕ್ಕೆ ವೇಣುಗ್ರಾಮವೆಂಬ ಹೆಸರು. ನಾಲ್ಕನೆಯ ಕಾರ್ತವೀರ್ಯನು ತನ್ನ ತಮ್ಮನಾದ ಮಲ್ಲಿಕಾರ್ಜುನನೊಡನೆ ಇಲ್ಲಿಂದ ಆಳುತ್ತಿರಲು, ಅವನ ಅಧಿಕಾರಿಯಾದ ಬೀಚಣನು ಕಟ್ಟಿಸಿದ ರಟ್ಟಜಿನಾಲಯಕ್ಕೆ ಶಕ 1127ರಲ್ಲಿ, ಎಂದರೆ 1204ನೆಯ ಇಸವಿಯ ಡಿಸೆಂಬರದಲ್ಲಿ, ದತ್ತಿಗಳು ಕೊಡಲ್ಪಟ್ಟವು. ಅದನ್ನು ಹೇಳುವ ಶಿಲಾಶಾಸನಗಳು ಈಗ ಲಂಡನ್ನಿನ ಬ್ರಿಟಿಷ ಮ್ಯೂಝಿಯಮಿನಲ್ಲಿವೆ. ಬಸದಿಯ ಕೆಲಸಕ್ಕಾಗಿ ಪೇಟೆಯ ಸರಕುಗಳ ಮೇಲೆ ತಾವಾಗಿಯೇ ಸುಂಕವನ್ನು ವಿಧಿಸಿಕೊಂಡ ವರ್ತಕರ ಸಮೂಹವೊಂದು ಈ ಶಾಸನಗಳಲ್ಲಿ ಬರುತ್ತದೆ. ಅದರಲ್ಲಿ ಕೂಂಡಿ ಮೂರು ಸಾವಿರದ ಮುಮ್ಮುರಿದಂಡಗಳಿವೆ, ಊರಿನ ವ್ಯಾಪಾರಿಗಳಿದ್ದಾರೆ, ಲಾಳದೇಶದ, ಎಂದರೆ ಗುಜರಾತದ ಕಡೆಯ ವರ್ತಕರಿದ್ದಾರೆ, ಮಲೆಯಾಳದ ವರ್ತಕರೂ ಇದ್ದಾರೆ.

ವಾಚಕರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕೆಂದು ಬೇಡುತ್ತೇನೆ. ಎಂಟು ನೂರು ವರ್ಷಗಳ ಹಿಂದೆ ಈ ಊರಿನ ಪೇಟೆಯಲ್ಲಿ ಕನ್ನಡಿಗನೂ ಗುರ್ಜರನೂ ಮಲೆಯಾಳದವನೂ ಒಂದೆಡೆಗೆ ಕೂಡಿ ಸಾರ್ವಜನಿಕ ಕಾರ್ಯವೊಂದಕ್ಕೆ ತಮ್ಮ ಮೇಲೆ ತಾವೇ ತೆರಿಗೆಯನ್ನು ಹಾಕಿಕೊಂಡರು. ಆ ಒಪ್ಪಂದವು ಕನ್ನಡದಲ್ಲಿ ಬರೆಯಲ್ಪಟ್ಟಿತು. ಕನ್ನಡದಲ್ಲಿ ಬರೆದುದರಿಂದ ಲಾಳರಿಗೆ ಅವಮಾನವಾಗಲಿಲ್ಲ. ಲಾಳರು ಕುಳಿತುದರಿಂದ ಕನ್ನಡಕ್ಕೆ ಊನವಾಗಲಿಲ್ಲ. ಇದನ್ನು ಇಂದಿನ ಅರ್ಥದ ನಗರಸಭೆಯೆನ್ನಲು ಬಾರದು. ಅದು ಹಣವುಳ್ಳ ವರ್ತಕರ ಕೂಟ. ಆದರೂ ಹಲವು ಭಾಷೆಗಳವರು ಕೂಡಿ ಕೆಲಸ ಮಾಡುವುದು ಈ ಊರಿಗೆ ಪರಕೀಯವೆಂದು ಯಾರಾದರೂ ಹೇಳಿದರೆ, ಆ ಕಲ್ಲುಗಳೇ ಅದಕ್ಕೆ ಉತ್ತರ.

ಆಧುನಿಕ ನಗರಸಭೆಯ ಕಥೆಯು ಇಂಗ್ಲಿಷರ ಆಳಿಕೆಯಿಂದ ಆರಂಭವಾಗುತ್ತದೆ. 1850ನೆಯ ಇಸವಿಯ 26ನೆಯ ಕಾಯಿದೆಯ ಮೇರೆಗೆ ಬೆಳಗಾವಿಯಲ್ಲಿ 1851ರಲ್ಲಿ ಮ್ಯುನಿಸಿಪಾಲಿಟಿಯು ಸ್ಥಾಪಿತವಾಯಿತು. ಆಗ ಅದರಲ್ಲಿ ಕೂಡುವವರು ಸರಕಾರದ ನೇಮಕದವರು. ಮತ ಬೇಡುವ ಪ್ರಸಂಗವೇ ಇರಲಿಲ್ಲ. 1882ನೆಯ ಇಸವಿಯ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಲಾರ್ಡ್ ರಿಪನ್ನರು ಸ್ಥಾನಿಕ ಸ್ವರಾಜ್ಯದ ಠರಾವನ್ನು ಹೊರಡಿಸಿದರು. ಅದನ್ನನುಸರಿಸಿ ಮುಂಬಯಿ ಇಲಾಖೆಯಲ್ಲಿ 1884ರ ಕಾಯಿದೆಯು ಬಂದು, ಚುನಾಯಿತ ಸದಸ್ಯರಿಗೆ ಸ್ಥಾನ ದೊರೆಯಿತು. ಮತದ ಹಕ್ಕು ಕರ ಕೊಡುವವರೇ ಮುಂತಾದ ಕೆಲವರಿಗೆ ಮಾತ್ರ. 1901ರಲ್ಲಿ ಮತ್ತೊಂದು ಕಾಯಿದೆಯೂ, 1925ರಲ್ಲಿ ದೊಡ್ಡ ಪಟ್ಟಣಗಳಿಗಾಗಿ ಬರೋ ಮ್ಯುನಿಸಿಪಾಲಿಟಿಗಳ ಕಾಯಿದೆಯೂ ಆದವು.

ಆಗಿನ ಬೆಳಗಾವಿಯು ಆಡಳಿತದ ದೃಷ್ಟಿಯಿಂದಲೂ ಒಂದೇ ಊರಾಗಿರಲಿಲ್ಲ. ಕ್ಯಾಂಪು ದಂಡಿನ ಅಧಿಕಾರಕ್ಕೆ ಸೇರಿದ್ದಿತು. ಶಹಾಪುರವು ಸಾಂಗಲಿಯ ಸಂಸ್ಥಾನಕ್ಕೆ ಸೇರಿದ್ದಿತು. ಪಟ್ಟಣದ ಗಲ್ಲಿಯಿಂದ ಶಹಾಪುರದ ಪೇಟೆಗೆ ಸೀರೆ ಕೊಳ್ಳಲು ಹೋದವನು ಒಂದು ರಾಜ್ಯವನ್ನು ಬಿಟ್ಟು ಇನ್ನೊಂದು ರಾಜ್ಯದಲ್ಲಿ ಕಾಲಿಡುತ್ತಿದ್ದನು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆಯೇ ಈ ಗಡಿಯು ಅಳಿದುಹೋಯಿತು. ಇಂದು ಶಹಾಪುರದ ಹುಡುಗರಿಗೆ ಅದು ಎಲ್ಲಿದ್ದಿತೆಂದು ಕೇಳಿದರೆ ತೋರಿಸಬಲ್ಲವರು ಸಿಕ್ಕಲಾರರು.

ಆದರೆ ಒಂದು ಗಡಿಯು ಅಳಿದ ಆ 1948ರಲ್ಲಿಯೇ ಇನ್ನೊಂದು ಗಡಿಯ ವಾದವು ಪುರಸಭೆಯ ಬಾಗಿಲನ್ನು ಪ್ರವೇಶಿಸಿತು. ಭಾಷಾವಾರು ಪ್ರಾಂತಗಳ ಚರ್ಚೆಯು ದೇಶದಲ್ಲೆಲ್ಲ ನಡೆದಿರಲು, ಬೆಳಗಾವಿಯ ಮ್ಯುನಿಸಿಪಾಲಿಟಿಯು ಈ ಪ್ರದೇಶವನ್ನು ಮುಂದೆ ಆಗತಕ್ಕ ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಮಾಡಿತು. ಮಹಾರಾಷ್ಟ್ರ ಏಕೀಕರಣ ಸಮಿತಿಯು ಹುಟ್ಟಿದುದೂ ಆ ವರ್ಷವೇ. ರಾಜ್ಯ ಪುನರ್ವಿಂಗಡಣೆಯ ಆಯೋಗವು 1955ರಲ್ಲಿ ಚಂದಗಡವೊಂದನ್ನುಳಿದು ಬೆಳಗಾವಿ ಜಿಲ್ಲೆಯು ಕರ್ನಾಟಕಕ್ಕೆ ಸೇರತಕ್ಕದ್ದೆಂದು ಹೇಳಿತು. 1956ನೆಯ ಇಸವಿಯ ನವೆಂಬರ 1ನೆಯ ತಾರೀಖಿಗೆ ಹಾಗೆಯೇ ಆಯಿತು. ಮಹಾರಾಷ್ಟ್ರದವರು ಇದನ್ನೊಪ್ಪದೆ ಒತ್ತಾಯಿಸಿದ್ದರಿಂದ 1966ರಲ್ಲಿ ನಿವೃತ್ತ ಸರ್ವೋಚ್ಚ ನ್ಯಾಯಾಧೀಶ ಮೆಹರಚಂದ ಮಹಾಜನರ ಆಯೋಗವು ನೇಮಕವಾಯಿತು. 1967ರ ಅದರ ವರದಿಯು ಬೆಳಗಾವಿಯ ಮೇಲಿನ ಮಹಾರಾಷ್ಟ್ರದ ಬೇಡಿಕೆಯನ್ನು ತಳ್ಳಿಹಾಕಿತು. ಕರ್ನಾಟಕವು ವರದಿಯನ್ನೊಪ್ಪಿತು, ಮಹಾರಾಷ್ಟ್ರವು ಒಪ್ಪಲಿಲ್ಲ. 2004ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆಯನ್ನು ಹೂಡಿತು. ಆ ದಾವೆಯು ಇನ್ನೂ ತೀರ್ಮಾನವಾಗಿಲ್ಲ.

ಇದರ ಪರಿಣಾಮವು ನಗರಸಭೆಯ ಮೇಲೆ ಏನಾಯಿತೆಂಬುದೇ ನಮ್ಮ ಪ್ರಸ್ತುತ ವಿಷಯ. ಗಟಾರಕ್ಕಾಗಿ ಕೊಡತಕ್ಕ ಮತವು ಗಡಿಯ ವ್ಯಾಜ್ಯದಲ್ಲಿ ಸಾಕ್ಷಿಯಾಯಿತು. ಸಮಿತಿಯ ಪರವಾಗಿ ಇಷ್ಟು ಜನ ಗೆದ್ದರೆ ಊರು ಮಹಾರಾಷ್ಟ್ರವನ್ನು ಬಯಸುತ್ತದೆಂದು ಒಬ್ಬರು. ಕನ್ನಡದವರು ಇಷ್ಟು ಜನ ಗೆದ್ದರೆ ಆ ವಾದವು ಸುಳ್ಳಾಯಿತೆಂದು ಇನ್ನೊಬ್ಬರು. ಹೀಗೆ ಪ್ರತಿಯೊಂದು ಚುನಾವಣೆಯೂ ಜನಮತಗಣನೆಯಂತಾಗಿ, ಉಮೇದುವಾರನ ಗುಣದೋಷಗಳು ಹಿಂದೆ ಬಿದ್ದವು. ಅವನು ಲೆಕ್ಕ ಬಲ್ಲವನೇ, ಓಣಿಯ ಕಷ್ಟವನ್ನರಿತವನೇ, ಹಿಂದಿನ ಅವಧಿಯಲ್ಲಿ ಏನು ಮಾಡಿದನು ಎಂದು ಉತ್ತರಮೇರೂರಿನವರು ಕೇಳಿದ ಪ್ರಶ್ನೆಯನ್ನು ಕೇಳುವವರು ವಿರಳರಾದರು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳದಿದ್ದರೆ ಈ ಲೇಖನವು ಅಪ್ರಾಮಾಣಿಕವಾದೀತು. ನಾನು ಹೊಸದಾಗಿ ಮಾಸ್ತರನಾಗಿದ್ದಾಗ ನಗರದಲ್ಲಿದ್ದ ನಮ್ಮ ಸೋದರತ್ತೆಯವರು, “ಯಾರಿಗೆ ಓಟು ಹಾಕಲೋ?” ಎಂದು ನನ್ನನ್ನು ಕೇಳಿದರು. ನಾನು ಒಬ್ಬ ಉಮೇದುವಾರನ ಹೆಸರು ಹೇಳಿದೆನು. ಅವನು ಕನ್ನಡದವನೆಂಬುದಲ್ಲದೆ ಅವನ ವಿಷಯವಾಗಿ ನನಗೆ ಬೇರೇನೂ ತಿಳಿದಿರಲಿಲ್ಲ. ಎದುರಾಳಿಯು ಮರಾಠಿಯವನು, ಆ ಓಣಿಗೆ ನಳವನ್ನು ತರಿಸಲು ಬಹಳ ತಿರುಗಾಡಿದವನೆಂದು ನೆರೆಯವರು ಹೇಳುತ್ತಿದ್ದರಂತೆ. ನಾನು ಹೇಳಿದವನು ಗೆದ್ದನು. ಆ ಓಣಿಯ ಕಡೆಗೆ ಮತ್ತೆ ಬರಲಿಲ್ಲ. ಅತ್ತೆಯವರು ಇನ್ನೂ ಬಹಳ ದಿವಸ ಬಾವಿಯಿಂದಲೇ ಕೊಡವನ್ನೆತ್ತಿದರು. ಅವರು ನನಗೆ ಒಂದು ಮಾತನ್ನೂ ಆಡಲಿಲ್ಲ. ಮಕ್ಕಳಿಗೆ ಪೌರನೀತಿಯನ್ನು ಪಾಠ ಹೇಳುತ್ತಿದ್ದವನು ನಾನು. ಸ್ವಂತ ಅತ್ತೆಗೆ ಕೊಟ್ಟ ಸಲಹೆಯು ಇಂಥದು.

1976ರಲ್ಲಿ ಬೆಳಗಾವಿಯ ನಗರಸಭೆಯು ಮಹಾನಗರ ಪಾಲಿಕೆಯಾಯಿತು. ಬಹುಕಾಲ ಅಲ್ಲಿ ಮರಾಠಿ ಗುಂಪಿನದೇ ಮೇಲುಗೈಯಾಗಿದ್ದಿತು. ಕನ್ನಡದವರು ಒಟ್ಟುಗೂಡಿ ಸಿದ್ದನಗೌಡ ಪಾಟೀಲರನ್ನು ಮಹಾಪೌರರನ್ನಾಗಿ ಮಾಡಿದಾಗ, ಅವರು ಆ ಪೀಠವನ್ನೇರಿದ ಮೊದಲ ಕನ್ನಡಿಗರೆಂದು ನಾಡೆಲ್ಲ ಸಂತೋಷಪಟ್ಟಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಸಭೆಗಳಿಗೆ ಐದು ವರ್ಷಗಳ ಅವಧಿಯನ್ನೂ, ಹೆಂಗಸರಿಗೂ ಪರಿಶಿಷ್ಟರಿಗೂ ಮೀಸಲಾದ ಸ್ಥಾನಗಳನ್ನೂ ಗೊತ್ತುಪಡಿಸಿತು. ಹಿಂದೆ ಅಡಿಗೆಯ ಮನೆಯಿಂದ ಗಟಾರದ ವಾಸನೆಯನ್ನು ಸಹಿಸುತ್ತಿದ್ದವರು ಈಗ ಆ ಗಟಾರದ ವಿಷಯವಾಗಿ ಸಭೆಯಲ್ಲಿ ಮಾತಾಡುವ ಅಧಿಕಾರವನ್ನು ಪಡೆದರು.

ಆದರೆ ಸಂವಿಧಾನವು ಕೊಟ್ಟ ಐದು ವರ್ಷಗಳ ಅವಧಿಯನ್ನು ಬೆಳಗಾವಿಯು ಎರಡು ಸಲ ಅರ್ಧದಲ್ಲಿಯೇ ಕಳೆದುಕೊಂಡಿತು. 2005ರ ಅಕ್ಟೋಬರದಲ್ಲಿ ಪಾಲಿಕೆಯು, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಮಾಡಿತು. ಮುಂದಿನ ತಿಂಗಳು ಮಹಾಪೌರ ವಿಜಯ ಮೋರೆಯವರು ಬೆಂಗಳೂರಿಗೆ ಹೋದಾಗ ಕೆಲವರು ಅವರ ಮುಖಕ್ಕೆ ಮಸಿ ಬಳಿದರು. ಆ ತಿಂಗಳಲ್ಲಿಯೇ ರಾಜ್ಯ ಸರಕಾರವು ಪಾಲಿಕೆಯನ್ನು ವಿಸರ್ಜಿಸಿತು. 2011ರ ನವೆಂಬರ 1ರಂದು ಸಮಿತಿಯವರು ಆಚರಿಸುವ ಕರಾಳದಿನದ ಮೆರವಣಿಗೆಯಲ್ಲಿ ಮಹಾಪೌರರೂ ಉಪಮಹಾಪೌರರೂ ಪಾಲುಗೊಂಡರು; ಡಿಸೆಂಬರದಲ್ಲಿ ಪಾಲಿಕೆಯು ಮತ್ತೆ ವಿಸರ್ಜಿತವಾಯಿತು.

ಈ ಘಟನೆಗಳ ಧರ್ಮಾಧರ್ಮಗಳನ್ನು ಪಕ್ಷಪಾತವಿಲ್ಲದೆ ತೂಗಬೇಕಾಗಿದೆ. ಯಾವ ಸರಕಾರದ ಕಾಯಿದೆಯಿಂದ ಹುಟ್ಟಿ ಯಾವ ಸರಕಾರದ ಅನುದಾನದಿಂದ ನಡೆಯುವ ಸಭೆಯೋ, ಆ ಸಭೆಯು ತನ್ನ ವ್ಯಾಪ್ತಿಯನ್ನು ಮೀರಿ ಆ ರಾಜ್ಯದಿಂದಲೇ ಹೊರಹೋಗುವ ಠರಾವನ್ನು ಮಾಡಿದುದು ಅನುಚಿತ. ಜನರು ಆರಿಸಿದವನ ಮುಖಕ್ಕೆ ಮಸಿ ಬಳಿದುದು ಅದಕ್ಕಿಂತಲೂ ಅನುಚಿತ. ಕನ್ನಡದ ಹೆಸರಿನಲ್ಲಿ ಅದು ನಡೆದುದರಿಂದ ಕನ್ನಡಿಗನಾದ ನನಗೆ ಹೆಚ್ಚಿನ ನಾಚಿಕೆ. ವಿಸರ್ಜನೆಯ ವಿಷಯಕ್ಕಾದರೋ, ಸಭೆಯು ಹೋದ ಮೇಲೆ ಅಧಿಕಾರಿಗಳು ಆಡಳಿತವನ್ನು ನಡೆಸುತ್ತಾರೆ. ಅವರಲ್ಲಿ ದಕ್ಷರೂ ಇದ್ದಾರು. ಆದರೆ ಅಧಿಕಾರಿಯ ಮನೆಯ ಬಾಗಿಲನ್ನು ಬೆಳಗಿನ ಆರು ಗಂಟೆಗೆ ತಟ್ಟಿ, “ನಳಕ್ಕೆ ನೀರಿಲ್ಲ” ಎಂದು ಹೇಳಲು ಬಡವನಿಗೆ ಧೈರ್ಯವಿರುವುದೇ? ನಗರಸೇವಕನ ಬಾಗಿಲನ್ನು ಅವನು ತಟ್ಟಬಲ್ಲನು. ಠರಾವಿಗೆ ಕೈಯೆತ್ತದ ಓಣಿಗಳವರೂ ಆ ಬಾಗಿಲನ್ನು ಕಳೆದುಕೊಂಡರು.

ಮುಂದಿನ ಕಥೆಯು ಇನ್ನೂ ಬೋಧಪ್ರದವಾಗಿದೆ. 2018ರಲ್ಲಿ ಪಾಲಿಕೆಯಲ್ಲಿ ಮರಾಠಿ ಗುಂಪಿಗೇ ಬಹುಮತವಿದ್ದಿತು. ಆದರೆ ಆ ಸಲ ಮಹಾಪೌರರ ಪೀಠವು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಆ ವರ್ಗದ ಸದಸ್ಯರು ಕನ್ನಡದವರಲ್ಲಿ ಮಾತ್ರ ಇದ್ದರು. ಹೀಗಾಗಿ ಬಸಪ್ಪ ಚಿಕ್ಕಲದಿನ್ನಿಯವರು ಮಹಾಪೌರರಾದರು. ದಶಕಗಳ ಭಾಷಾವಾದವು ಮಾಡಲಾರದುದನ್ನು ಮೀಸಲಾತಿಯ ಒಂದು ನಿಯಮವು ಸದ್ದಿಲ್ಲದೆ ಮಾಡಿತು.

2019ರಲ್ಲಿ ಅವಧಿಯು ಮುಗಿದ ಮೇಲೆ 2021ರವರೆಗೆ ಸಭೆಯೇ ಇರಲಿಲ್ಲ. ಆ ವರ್ಷದ ಸಪ್ಟೆಂಬರದ ಚುನಾವಣೆಯಲ್ಲಿ ದೊಡ್ಡ ರಾಜಕೀಯ ಪಕ್ಷಗಳು ಪ್ರಥಮತಃ ತಮ್ಮ ಚಿಹ್ನೆಗಳ ಮೇಲೆ ಸ್ಪರ್ಧಿಸಿದವು. 58 ಸ್ಥಾನಗಳಲ್ಲಿ ಭಾರತೀಯ ಜನತಾ ಪಕ್ಷಕ್ಕೆ 35, ಕಾಂಗ್ರೆಸ್ಸಿಗೆ 10, ಮಜಲಿಸ್ ಪಕ್ಷಕ್ಕೆ 1 ಬಂದು, ಉಳಿದ 12 ಸ್ಥಾನಗಳು ಸಮಿತಿಯವರು ಸೇರಿ ಇತರರಿಗೆ ಹೋದವು. ಸಮಿತಿಯ ಬಲವು ಕುಗ್ಗಿತೆಂದು ಕೆಲವರು ವಿಜಯೋತ್ಸವ ಮಾಡಿದರು. ಆದರೆ ಗೆದ್ದ ಪಕ್ಷದ ಸದಸ್ಯರಲ್ಲಿಯೂ ಮರಾಠಿ ಮನೆಮಾತಿನವರು ಬಹುಮಂದಿ ಇದ್ದರೆಂಬುದನ್ನು ಮರೆಯಲಾಗದು. ಮರಾಠಿಯು ಸೋಲಲಿಲ್ಲ; ಕನ್ನಡವು ಗೆಲ್ಲಲೂ ಇಲ್ಲ. ಮತದಾರನು ಬೇರೊಂದು ಲೆಕ್ಕದಿಂದ ಮತವನ್ನು ಕೊಟ್ಟನು. ಹೀಗೆ ಆರಿಸಿ ಬಂದವರಿಗೂ ಮಹಾಪೌರರು ದೊರೆತುದು 2023ರ ಫೆಬ್ರುವರಿಯಲ್ಲಿ, ಎಂದರೆ ಹದಿನೇಳು ತಿಂಗಳ ಮೇಲೆ. ಅಷ್ಟು ಕಾಲ ಜನರು ಆರಿಸಿದ ಸಭೆಯು ಕಾಗದದ ಮೇಲೆಯೇ ಇದ್ದಿತು.

ಇನ್ನು ಕಾಯಿದೆಯ ಮಾತು. ರಾಜ್ಯಗಳ ಸೀಮೆಯನ್ನು ಬದಲಾಯಿಸುವ ಅಧಿಕಾರವು ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿಗೆ ಮಾತ್ರ ಉಂಟು. ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯವನ್ನು ಅದು ಕೇಳಬೇಕು; ನಗರಸಭೆಯ ಅಭಿಪ್ರಾಯವನ್ನು ಕೇಳಬೇಕೆಂದು ಎಲ್ಲಿಯೂ ಹೇಳಿಲ್ಲ. ಆದುದರಿಂದ 58 ಜನರು ಒಕ್ಕೊರಲಿನಿಂದ ಒಂದು ಕಡೆಗೆ ಕೈಯೆತ್ತಿದರೂ, ಎಲ್ಲರೂ ಇನ್ನೊಂದು ಕಡೆಗೆ ಎತ್ತಿದರೂ, ಗಡಿಯು ಒಂದು ಮಾರು ಕೂಡ ಸರಿಯುವಂತಿಲ್ಲ. ಅದೇ 58 ಜನರ ಕೈಯಲ್ಲಿ ಏನಿದೆಯೆಂಬುದನ್ನು ನೋಡಿರಿ. ಮನೆಗಳ ಕರ, ಬೀದಿಯ ದೀಪ, ಕಸದ ಸಾಗಣೆ, ಮಳೆನೀರಿನ ಹರಿವು, ಪೇಟೆಗಳ ಸ್ವಚ್ಛತೆ. ಕರ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರಯೋಜನೆ, ಲೆಕ್ಕ ಎಂದು ನಾಲ್ಕು ಸ್ಥಾಯಿ ಸಮಿತಿಗಳಿವೆ. ರಕ್ಕಸಕೊಪ್ಪದಿಂದಲೂ ಹಿಡಕಲ್ಲಿನಿಂದಲೂ ನೀರು ನಗರಕ್ಕೆ ಬರುತ್ತದೆ. ಅದು ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದನ್ನು ಸಭೆಯಲ್ಲಿ ಕೇಳತಕ್ಕವನು ನಗರಸೇವಕನು. ಬಳ್ಳಾರಿ ನಾಲಾ ಮಳೆಗಾಲದಲ್ಲಿ ಉಕ್ಕಿ ವಡಗಾವಿ, ಶಹಾಪುರಗಳ ಭಾಗದ ಪೈರನ್ನು ಮುಳುಗಿಸುವಾಗ ಅದು ಯಾರ ಭಾಷೆಯನ್ನು ಕೇಳುತ್ತದೆ?

ಹಾಗೆಂದು ಭಾಷೆಯ ಪ್ರಶ್ನೆಯು ನಗರದಲ್ಲಿ ಮಿಥ್ಯೆಯೆಂದು ನಾನು ಹೇಳುವುದಿಲ್ಲ. ಕನ್ನಡನಾಡಿನ ಪಾಲಿಕೆಯ ಆಡಳಿತವು ಕನ್ನಡದಲ್ಲಿಯೇ ನಡೆಯತಕ್ಕದ್ದು. ಈ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಕರದ ನೋಟೀಸನ್ನು ಓದಲಾರದ ಮರಾಠಿ ಮುದುಕಿಗೂ, ಅರ್ಜಿ ಬರೆಯಲಾರದ ಉರ್ದು ಮಾತಿನ ಬಡ ನೇಕಾರನಿಗೂ ನ್ಯಾಯವು ಸಲ್ಲಬೇಕು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ತನ್ನ ಅಹವಾಲನ್ನು ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯು ಪ್ರತಿಯೊಬ್ಬನಿಗೂ ಕೊಟ್ಟಿದೆ. ಇದನ್ನು ನಡೆಸಿಕೊಡುವುದರಿಂದ ಕನ್ನಡದ ಮಾನವು ಹೆಚ್ಚುವುದೇ ಹೊರತು ಕುಂದಲಾರದು. ಮೂರು ಭಾಷೆಗಳನ್ನರಿತ ನಗರಸೇವಕನ ಪ್ರಯೋಜನವು ಇಲ್ಲಿಯೇ ತೋರುತ್ತದೆ.

ಈ ಊರಿನ ಚುನಾವಣೆಯ ಮಾತುಗಳನ್ನೇ ನೋಡಬಾರದೇಕೆ? ಉಮೇದುವಾರನೆಂಬುದು ಪಾರಸಿಯಿಂದ ಬಂದುದು. ಓಟು, ವಾರ್ಡುಗಳು ಇಂಗ್ಲಿಷಿನಿಂದ. ನಗರಸೇವಕ, ಮಹಾಪೌರಗಳು ಸಂಸ್ಕೃತದಿಂದ. ಕನ್ನಡದವನೂ ಮರಾಠಿಯವನೂ ಇವೇ ಮಾತುಗಳನ್ನಾಡುತ್ತಾರೆ. ನಗರಸೇವಕನೆಂಬ ಪದದ ವಿಗ್ರಹವಾಕ್ಯವನ್ನು ಪಾಠಶಾಲೆಯ ಮೊದಲ ವರ್ಷದ ಹುಡುಗನೂ ಹೇಳಬಲ್ಲನು: ನಗರದ ಸೇವಕನು. ಷಷ್ಠೀ ತತ್ಪುರುಷ. ನಗರದೊಳಗಿನ ಒಂದು ಭಾಷೆಯ ಸೇವಕನೆಂಬ ಅರ್ಥವನ್ನು ಯಾವ ವ್ಯಾಕರಣದಿಂದಲೂ ತೆಗೆಯಲು ಬಾರದು.

ನನ್ನ ವಿದ್ಯಾರ್ಥಿಗೆ ಕೊಟ್ಟ ಉತ್ತರವನ್ನು ಹೇಳಿ ಮುಗಿಸುವೆನು. ಮೂರು ದಿವಸಗಳ ಮೇಲೆ ಅವನ ಮನೆಗೆ ನಾನೇ ಹೋದೆನು. “ಗಡಿಯ ವಿಷಯ ಕೇಳಿದವರಿಗೆ, ಅದು ಸಂಸತ್ತಿನ ಕೈಯಲ್ಲಿದೆ, ದಾವೆ ಕೋರ್ಟಿನಲ್ಲಿದೆ, ನನ್ನ ಕೈಯಲ್ಲಿ ಇಲ್ಲ ಎಂದು ಹೇಳು. ಎಲ್ಲ ಗಲ್ಲಿಗಳಲ್ಲಿಯೂ ಅದೊಂದನ್ನೇ ಹೇಳು, ಮಾತನ್ನು ಬದಲಿಸಬೇಡ. ಆಮೇಲೆ ನಿನ್ನ ಕೈಯಲ್ಲಿ ಏನಿದೆಯೋ ಅದನ್ನು ಹೇಳು,” ಎಂದೆನು. “ಹಾಂಗಂದ್ರ ಸೋಲತೀನ್ರಿ ಮಾಸ್ತರ,” ಎಂದು ಅವನು ನಕ್ಕನು. “ಸೋಲಬಹುದು,” ಎಂದೆನು. ಅವನು ಹಾಗೆಯೇ ಹೇಳಿದನೆಂದು ಅವನ ವಾರ್ಡಿನ ಎರಡೂ ಕಡೆಯವರಿಂದ ಕೇಳಿ ತಿಳಿದಿದ್ದೇನೆ. ಅವನು ಸೋತನು.

ಆ ವರ್ಷದ ವಿಜಯದಶಮಿಯ ದಿನ ಬನ್ನಿ ಕೊಡಲು ಸಾಂಬ್ರಾಕ್ಕೆ ಬಂದನು. ಬನ್ನಿಯನ್ನು ಕೊಟ್ಟು ಕಾಲಿಗೆರಗಿ, ಕಿಸೆಯಿಂದ ಒಂದು ಕಾಗದವನ್ನು ತೆಗೆದು ತೋರಿಸಿದನು. ತನ್ನ ಓಣಿಯ ಗಟಾರವನ್ನು ಕಟ್ಟಿಸಬೇಕೆಂದು ಪಾಲಿಕೆಯ ಕಚೇರಿಗೆ ಸಲ್ಲಿಸಿದ ಅರ್ಜಿಯ ಪ್ರತಿ ಅದು. ಒಕ್ಕಣೆಯು ಕನ್ನಡದ್ದು, ಕೆಳಗಿನ ಸಹಿಗಳು ಕನ್ನಡ, ಮರಾಠಿ, ಉರ್ದುಗಳವು, ಕೆಲವು ಹೆಬ್ಬೆಟ್ಟಿನವು. ಒಕ್ಕಣೆಯಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು; ನಾನು ಎತ್ತಿ ತೋರಿಸಲಿಲ್ಲ. ಆ ಗಟಾರದ ಕೆಲಸವು ಅರ್ಧಕ್ಕಾಗಿ ನಿಂತಿದೆಯೆಂದೂ, ಉಳಿದ ಅರ್ಧಕ್ಕಾಗಿ ಅವನು ಇನ್ನೂ ತಿರುಗುತ್ತಿದ್ದಾನೆಂದೂ ಇತ್ತೀಚೆಗೆ ತಿಳಿಯಿತು.

ಕೊನೆಗೆ ನಮ್ಮ ಸಂಘದ ಸದಸ್ಯರಲ್ಲಿ ಒಂದು ಬಿನ್ನಹವುಂಟು. ಬೆಳಗಾವಿಯ ಪುರಸಭೆಯ ಇತಿಹಾಸವನ್ನು ಬರೆಯತಕ್ಕವರು ಠರಾವುಗಳನ್ನೂ ವಿಸರ್ಜನೆಗಳನ್ನೂ ಬರೆಯುತ್ತಾರೆ. ಓಣಿಗಳ ಅರ್ಜಿಗಳನ್ನು ಬರೆಯುವವರಿಲ್ಲ. ತಮ್ಮ ಮನೆಗಳ ಅಟ್ಟದ ಮೇಲೆ ಹಳೆಯ ಚುನಾವಣೆಯ ಕರಪತ್ರಗಳು, ಮ್ಯುನಿಸಿಪಾಲಿಟಿಗೆ ಬರೆದ ಅರ್ಜಿಗಳು, ಕರದ ಪಾವತಿಗಳು ಯಾವ ಭಾಷೆಯಲ್ಲಿದ್ದರೂ ಅವನ್ನು ರದ್ದಿಗೆ ಹಾಕದೆ ಸಂಘಕ್ಕೆ ಕಳುಹಿಸಿಕೊಡಬೇಕು. ಆ ಓಣಿಯ ಅರ್ಜಿಯ ಪ್ರತಿಯೊಂದನ್ನು ನನ್ನ ವಿದ್ಯಾರ್ಥಿಯಿಂದ ಕೇಳಿ ತಂದು, ಮೊದಲನೆಯದಾಗಿ ನಾನೇ ಸಂಘಕ್ಕೆ ಕೊಟ್ಟಿದ್ದೇನೆ.